ತುಂಗವ್ವನ ಕೈ ಯಾವ ಕಡೆ ಹೋಯಿತು

ಕಪ್ಪುಬೂದಿ ಬಂದ ಮೇಲಿನ ಹತ್ತೊಂಬತ್ತನೆಯ ಬೇಸಿಗೆ
(ನಿಮ್ಮ ಪಂಚಾಂಗದಂತೆ ಕ್ರಿ.ಶ. ೨೧೯೬)
ಕಪ್ಪತಗುಡ್ಡ, ಮೂರನೆಯ ಕಂಬ

ಮುಂಡರಗಿಯ ವಿಡಿಯೊ ಅಂಗಡಿಯ ದಸ್ತಗೀರಣ್ಣನವರಿಗೆ,

ನೀವು ತೀರಿಕೊಂಡು ನೂರು ವರ್ಷವಾದ ಮೇಲೆ ಹುಟ್ಟಿದವಳು ನಿಮ್ಮನ್ನು ಅಣ್ಣ ಎಂದು ಕರೆಯುತ್ತಿದ್ದೇನೆ, ಮನ್ನಿಸಿ. ನಿಮ್ಮ ಕಾಲದ ಅಚ್ಚಿನ ಪುಸ್ತಕಗಳಿಂದ ಈ ಬರವಣಿಗೆಯನ್ನು ಕಲಿತೆ. ನಡುವೆ ನಮ್ಮ ಮಾತುಗಳು ನುಸುಳಿ ನಿಮಗೆ ವಿಚಿತ್ರವೆನಿಸಿದರೆ ತಾಳಿಕೊಳ್ಳಿ. ನನ್ನ ಹೆಸರು ಬಾಳವ್ವ. ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ನನಗೆ ಗೊತ್ತಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ.

ನಿಮ್ಮ ಅಂಗಡಿಯ ಬಾಗಿಲಿಗೆ ಬಂದು ಪಶ್ಚಿಮಕ್ಕೆ ನೋಡಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳ ಬಿಳಿ ಕಂಬಗಳು ಕಾಣುತ್ತಿದ್ದವಲ್ಲ, ನಾವು ಇರುವುದು ಆ ಕಂಬಗಳ ಬುಡದಲ್ಲಿ. ರೆಕ್ಕೆಗಳೆಲ್ಲ ಉದುರಿವೆ. ನಮ್ಮ ಕಂಬದ್ದು ಮಾತ್ರ ಇನ್ನೂ ತಿರುಗುತ್ತದೆ, ಅದರಿಂದ ಸಂಜೆ ಒಂದಿಷ್ಟು ಬೆಳಕು. ಕಪ್ಪುಬೂದಿ ಎಂದರೆ ಜೋಳದ ತೆನೆಗೆ ಹತ್ತುವ ರೋಗ. ಅದು ಬಂದ ಮೇಲೆ ಬಯಲಿನಲ್ಲಿ ರೊಟ್ಟಿ ಎಂಬುದು ದೊಡ್ಡವರ ಬಾಯಲ್ಲಿ ಉಳಿದ ಮಾತಾಯಿತು. ನೀರನ್ನು ಮನುಷ್ಯನಿಗೆ ಇಷ್ಟು ಎಂದು ಅಳೆದು ಕೊಡುತ್ತಾರೆ. ಅದಕ್ಕೆ ಗುಟುಕುಪಾಲು ಎನ್ನುತ್ತೇವೆ. ಮಕ್ಕಳು ತಮ್ಮ ಪಾಲನ್ನು ಒಮ್ಮೆಗೇ ಕುಡಿದು ಮುಗಿಸುತ್ತಾರೆ, ತಾಯಂದಿರು ತಮ್ಮದನ್ನು ಮಕ್ಕಳಿಗಾಗಿ ಬಚ್ಚಿಡುತ್ತಾರೆ. ನಮ್ಮಲ್ಲಿ ಕಿವುಡರು ಬಹಳ. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಬರುತ್ತದೆ. ಹೀಗಾಗಿ ಕಿವಿ ಇದ್ದವರಿಗೂ ಕೈಮಾತು ಬರುತ್ತದೆ.

ಆ ಮನೆತನಗಳ ಮೂಲದವಳೇ ತುಂಗವ್ವ. ನಿಮಗೆ ನೆನಪಿರಬೇಕು. ಗುಡ್ಡದ ಕಹಿಗಡ್ಡೆಯ ವಿಷ ತೆಗೆದು ತಿನ್ನುವ ಬಗೆಯನ್ನು ಆ ಮುದುಕಿ ಕೈಮಾತಿನಲ್ಲಿ ಹೇಳಿದಳು, ನೀವು ಅದನ್ನು ಎಚ್‌ಡಿ ಕ್ಯಾಮೆರಾದಲ್ಲಿ ಹಿಡಿದಿರಿ. ಮೊಮ್ಮಗಳು ಕಸ್ತೂರಿ ಅದನ್ನು ಡಿವಿಡಿ ಮಾಡಿಸಿದಳು. ಡಿವಿಡಿಗೆ ನಾವು ತಟ್ಟೆ ಎನ್ನುತ್ತೇವೆ. ಅದರ ಪ್ರತಿಯ ಪ್ರತಿಯ ಪ್ರತಿ, ತಟ್ಟೆಗಳನ್ನು ಇಟ್ಟು ನೋಡುವ ನಮ್ಮ ತಟ್ಟೆಮನೆಯಲ್ಲಿದೆ. ಆ ತಟ್ಟೆಯ ಕೊನೆಯಲ್ಲಿ ನಿಮ್ಮ ಅಂಗಡಿಯ ಗೋಡೆಯೂ ತಿರುಗುವ ಫ್ಯಾನೂ ಕಾಣುತ್ತವೆ. ಕ್ಯಾಮೆರಾ ನಿಲ್ಲಿಸದೆ ಮೇಜಿನ ಮೇಲಿಟ್ಟು, ಆಮೇಲೆ ಆ ತುಣುಕನ್ನು ಕತ್ತರಿಸುವುದನ್ನೂ ಮರೆತಿರಿ. ಕಸ್ತೂರಿಯೂ ನೀವೂ ಆಡಿದ ಮಾತು ನಮಗೆಲ್ಲ ಬಾಯಿಪಾಠ.

"ದಸ್ತಗೀರಣ್ಣ, ನಮ್ಮ ಆಯಿ ಕೈ ಚಂದ ಕಾಣಬೇಕ್ರಿ. ಆಕಿ ಮಾತೆಲ್ಲಾ ಕೈಯಾಗ ಐತಿ."

"ಹಂಗಾರ ಪಾಲ್ ಮಾಡೂಣವಾ. ನಮ್ಮ ದೇಶದ್ದು ಅದ. ಎನ್‌ಟಿಎಸ್‌ಸಿಗಿಂತ ಗೆರಿ ಹೆಚ್ಚು, ಕೈಯಾನ ಬಳಿ ಸೈತ ಎಣಿಸಬಹುದು ನೋಡು. ಕೆನಡಾಕ್ಕ ನಿನ್ನ ಗೆಳತಿಗೆ ಕಳಸೂದು ಒಂದ ಎನ್‌ಟಿಎಸ್‌ಸಿ ಮಾಡ್ತೀನಿ. ಅಲ್ಲಿ ಅದ ಓಡತೈತಿ."

"ಎರಡರಾಗ ಯಾವುದು ಚಲೋ?"

"ಪಾಲ್. ಎರಡ ಮಾತಿಲ್ಲ."

ಪಾಲ್ ಎಂದರೆ ನೀರಿನ ಪಾಲು ಎಂದು ತಿಳಿದು ನಾವು ಚಿಕ್ಕವರಿದ್ದಾಗ ನಗುತ್ತಿದ್ದೆವು. ಪಾಲ್, ಎನ್‌ಟಿಎಸ್‌ಸಿ ಎಂಬುವು ಟಿವಿಯಲ್ಲಿ ಗೆರೆಗೆರೆಯಾಗಿ ಚಿತ್ರ ಮೂಡಿಸುವ ಎರಡು ಪದ್ಧತಿಗಳು, ದೇಶಕ್ಕೊಂದು ಎಂದು ಆಮೇಲೆ ತಿಳಿಯಿತು.

ಹೋದ ಬೇಸಿಗೆಯಲ್ಲಿ ಕೂಡಿಟ್ಟ ಕಾಳು ಮುಗಿಯಿತು. ಉಳಿದದ್ದು ಕಹಿಗಡ್ಡೆ ಒಂದೇ. ಎಲ್ಲರೂ ತಟ್ಟೆಮನೆಯಲ್ಲಿ ಸೇರಿ ತುಂಗವ್ವನನ್ನು ನೋಡಿದೆವು. ಹೆಚ್ಚುವುದು, ಬೂದಿಯಲ್ಲಿ ಹೊರಳಿಸುವುದು, ಕುದಿಸುವುದು, ಎಲ್ಲ ಸ್ಪಷ್ಟ. ಬಳೆಯನ್ನೂ ಎಣಿಸಿದೆವು. ಕುದಿಸಿದ ಮೇಲೆ ಅವಳು ಗಡಿಗೆಯ ಬಾಯಿಗೆ ಬೆರಳು ತಂದು ಚಕ್ಕನೆ ಚಿಮ್ಮುತ್ತಾಳೆ. ಬೆರಳು ಹೊರಕ್ಕೆ ಚಿಮ್ಮಿದರೆ 'ನೀರು ಚೆಲ್ಲು', ಒಳಕ್ಕೆ ಚಿಮ್ಮಿದರೆ 'ಆ ನೀರನ್ನೂ ಸೇರಿಸಿಕೊಂಡು ಉಣ್ಣು'. ಅಷ್ಟೇ ಭೇದ. ನಮ್ಮ ತಟ್ಟೆಯಲ್ಲಿ ಆ ಗಳಿಗೆಗೆ ಒಂದರ ಮೇಲೊಂದು ಎರಡು ಮಸುಕು ಕೈಗಳು ಕಾಣುತ್ತವೆ, ಮರುಗಳಿಗೆಗೆ ಕೈ ಮಡಿಲಲ್ಲಿರುತ್ತದೆ. ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಅದೇ.

ನನ್ನ ಗಂಡ ದ್ಯಾಮಣ್ಣ ತುಂಗವ್ವನ ವಂಶದವನು, ಹುಟ್ಟು ಕಿವುಡ. ಕೈಮಾತಿನಲ್ಲಿ ಅವನು ಹೇಳುವ ಚಾಷ್ಟಿಗೆ ಕಿವಿ ಇದ್ದವರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅಂದು ಅವನ ಮುಖದಲ್ಲಿ ನಗು ಇರಲಿಲ್ಲ. 'ಚೆಲ್ಲು ಅಂತಿದಾಳೆ,' ಎಂದು ಕೈಯಲ್ಲಿ ಹೇಳಿದ.

ಕಂಬದ ಹಿರಿಯಳು ಸಾವಂತ್ರೆವ್ವ ಕೇಳಿದಳು: "ನಿನಗ ಕಂಡತೇನ?"

ಅವಸರಕ್ಕೆ ಅವಳು ಬಾಯಲ್ಲೇ ಕೇಳಿದ್ದಳು, ನಾನು ಅದನ್ನು ಕೈಮಾತಿಗೆ ತಂದು ಹೇಳಿದೆ. ಅವನು ಸುಳ್ಳು ಹೇಳುವವನಲ್ಲ. 'ಕಾಣಲಿಲ್ಲ. ಹಾಗೆ ಅನಿಸುತ್ತದೆ,' ಎಂದ.

"ಅನಸೂದಕ್ಕ ನೀರು ಚೆಲ್ಲಾಕ ಬರ್ತೈತೇನ? ಇದ್ದ ಎರಡು ಕೊಡದಾಗ ಒಂದು ನೆಲಕ್ಕ ಹಾಕಿದ್ರ ಕೂಸುಗೋಳಿಗೆ ಏನ ಕುಡಸ್ಲಿ?" ಎಂದಳು ಸಾವಂತ್ರೆವ್ವ. ಅವಳು ಕೆಟ್ಟವಳಲ್ಲ, ದಸ್ತಗೀರಣ್ಣ. ನೀರು ಚೆಲ್ಲು ಎಂದು ಹಿರಿಯಳೊಬ್ಬಳು ಹೇಳಿರಬಹುದೆಂದು ನಂಬಲು ನಮ್ಮ ಕಾಲದವರಿಗೆ ಆಗುವುದಿಲ್ಲ.

ನೀರು ಚೆಲ್ಲಬಾರದು ಎಂದು ತೀರ್ಮಾನವಾಯಿತು. ಆಗ ದ್ಯಾಮಣ್ಣ ಎದ್ದು ನಿಂತ. ಹಾಗಾದರೆ ಮೊದಲು ತಾನು ತಿನ್ನುವುದಾಗಿಯೂ ಎರಡು ದಿನ ಕಳೆಯುವ ತನಕ ಮಕ್ಕಳು ಮುಟ್ಟಬಾರದೆಂದೂ ಹೇಳಿದ. ನಾನು ಅವನ ಕೈಗಳನ್ನೇ ಹಿಡಿದುಕೊಂಡೆ. ಕೈ ಹಿಡಿದರೆ ಅವನ ಬಾಯಿ ಮುಚ್ಚಿದ ಹಾಗೆ. ಅವನು ಮೆಲ್ಲಗೆ ಬಿಡಿಸಿಕೊಂಡು, 'ಹೊಟ್ಟೆ ತುಂಬ ಉಂಡು ಎಷ್ಟು ದಿನ ಆಯಿತು, ಬಿಡು,' ಎಂದ. ಆಗಲೂ ಚಾಷ್ಟಿ.

ಅವನು ಗಡ್ಡೆ ತಿಂದು, ಆ ನೀರನ್ನೂ ಕುಡಿದ. ಮೊದಲು ಗಂಟಲು ಉರಿಯಿತು. ಆಮೇಲೆ ಕಾಲು ಸೋತವು. ಮರುದಿನ ಬೆರಳುಗಳು ಸೆಟೆದುಕೊಂಡವು. ಕೊನೆಯವರೆಗೂ ಅವನಿಗೆ ಎಚ್ಚರವಿತ್ತು. ಏನೋ ಹೇಳಬೇಕೆಂದು ಕೈ ಎತ್ತಲು ನೋಡುತ್ತಿದ್ದ. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಿಕ್ಕಿ, ಕಾಯಿಸಿದೆ. ಅವು ಏನೂ ಹೇಳಲಿಲ್ಲ. ಮಕ್ಕಳು ಉಳಿದರು. ನನ್ನ ದ್ಯಾಮಣ್ಣ ಹೋದ.

ಸಾವಿಗೆ ಮಾತನಾಡಿಸಲು ಬಂದವರಲ್ಲಿ ಕಾರವಾರದ ದಡದಿಂದ ಉಪ್ಪು ತರುವ ಒಬ್ಬಳಿದ್ದಳು. ತಟ್ಟೆಮನೆಯಲ್ಲಿ ತುಂಗವ್ವನನ್ನು ಕಂಡು, "ಈ ಅಜ್ಜೀನ ನಮ್ಮಲ್ಲೂ ನೋಡಿದ್ದು ಉಂಟು. ಹಡಗಿನವರ ಮನೇಲಿ," ಎಂದಳು. ಹಡಗಿನವರು ಎಂದರೆ ಕೆನಡಾದಿಂದ ತಿರುಗಿ ಬಂದವರ ಮಕ್ಕಳು. ನಾನು ಉಪ್ಪಿನ ಎತ್ತುಗಳ ಹಿಂದೆ ನಡೆದುಕೊಂಡೇ ದಡಕ್ಕೆ ಹೋದೆ.

ನೀವು ಕೆನಡಾಕ್ಕೆಂದು ಮಾಡಿದ ತಟ್ಟೆ ಅದು. ಗೆರೆ ಕಡಿಮೆ, ತುಂಗವ್ವನ ಮುಖ ತುಸು ಮಂದ, ಬಳೆ ಎಣಿಸಲಾಗುವುದಿಲ್ಲ. ಆದರೆ ಗಡಿಗೆಯ ಬಾಯಲ್ಲಿ ಬೆರಳು ಹೊರಕ್ಕೆ ಚಿಮ್ಮಿತು. ಚೆಲ್ಲು. ವಿಷ ಇಳಿದಿದ್ದದ್ದು ಕುದಿಸಿದ ಆ ನೀರಿಗೇ ಎಂದು ನೋಡಿದ ಒಡನೆ ತಿಳಿಯಿತು. ದಡದಲ್ಲಿ ಯಂತ್ರ ನೋಡಿಕೊಳ್ಳುವವರು ಕಾರಣ ಬಿಡಿಸಿ ಹೇಳಿದರು. ನಿಮ್ಮ ಕೈಯಲ್ಲಿದ್ದದ್ದು ಹೊರದೇಶದ ಕ್ಯಾಮೆರಾ ಇರಬೇಕಂತೆ, ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುವಂಥದು. ಎನ್‌ಟಿಎಸ್‌ಸಿಯೂ ಮೂವತ್ತೇ, ಎಲ್ಲವೂ ಹಾಗೆಯೇ ಇಳಿದವು. ಪಾಲ್‌ಗೆ ಇಪ್ಪತ್ತೈದೇ ಸಾಕು. ಮೂವತ್ತನ್ನು ಇಪ್ಪತ್ತೈದಕ್ಕೆ ತರಲು ನಿಮ್ಮ ಕಂಪ್ಯೂಟರು ಅಕ್ಕಪಕ್ಕದ ಚಿತ್ರಗಳನ್ನು ಕಲಸಿಬಿಟ್ಟಿತು. ಕೈ ಹೋಗುವ ಮೊದಲಿನದೂ ಹೋದ ಮೇಲಿನದೂ ಒಂದೇ ಚಿತ್ರವಾದವು.

ತಿರುಗಿ ಬಂದು ಹೇಳಿದಾಗ ಸಾವಂತ್ರೆವ್ವ ಅಳಲಿಲ್ಲ. ಗಡ್ಡೆ ಕುದಿಸಿದ ಮೊದಲ ನೀರನ್ನು ತಾನೇ ಹೊತ್ತು ತಂದು ಬಂಡೆಯ ಮೇಲೆ ಸುರಿದಳು. ಅದು ಆರುವ ತನಕ ಅಲ್ಲೇ ನಿಂತಿದ್ದಳು. ಈಗ ನಾವು ಕಹಿಗಡ್ಡೆ ತಿಂದೇ ಬದುಕಿದ್ದೇವೆ. ಅದು ಗಂಟಲಲ್ಲಿ ಇಳಿಯುವಾಗಲೆಲ್ಲ ನನಗೆ ಏನಾಗುತ್ತದೆಂದು ಬರೆಯಲಾರೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಒಳ್ಳೆಯದಾಗಲೆಂದೇ ಹೆಚ್ಚು ಗೆರೆಯದನ್ನು ಆರಿಸಿದಿರಿ. ಕೇಳಿಕೊಳ್ಳುವುದು ಇಷ್ಟೇ: ಗೆರೆ ಎಣಿಸುವ ಮೊದಲು ಕ್ಯಾಮೆರಾ ಯಾವ ವೇಗದಲ್ಲಿ ಹಿಡಿದಿದೆ ಎಂದು ನೋಡಿ, ಅದಕ್ಕೆ ಹೊಂದುವುದನ್ನೇ ಆರಿಸಿ. ಮುಂಡರಗಿಯ ಡಿವಿಡಿ ಪ್ಲೇಯರುಗಳಲ್ಲಿ ಎನ್‌ಟಿಎಸ್‌ಸಿಯೂ ಓಡೀತು, ಒಮ್ಮೆ ಹಾಕಿ ನೋಡಿ. ಎಚ್‌ಡಿ ಮೂಲವನ್ನು ಅಳಿಸಬೇಡಿ, ಕಸ್ತೂರಿಯ ಕೈಗೆ ಕೊಡಿ.

ಮತ್ತೆ, ಎರಡೂ ತಟ್ಟೆ ಸಿದ್ಧವಾದ ದಿನ ಮುದುಕಿಯನ್ನು ಅಂಗಡಿಗೆ ಕರೆಸಿ. ಕುರ್ಚಿ ಹಾಕಿ, ಟಿವಿ ಮುಂದೆ ಕೂರಿಸಿ, ಒಂದಾದ ಮೇಲೆ ಒಂದು ತೋರಿಸಿ. ಯಾವುದು ಚಲೋ ಎಂದು ಅಂದು ಕಸ್ತೂರಿಯೂ ನೀವೂ ಇಬ್ಬರೇ ಮಾತಾಡಿ ಮುಗಿಸಿದಿರಿ. ತುಂಗವ್ವನನ್ನು ಯಾರೂ ಕೇಳಲಿಲ್ಲ.

ಇಂತಿ,
ದ್ಯಾಮಣ್ಣನ ಹೆಂಡತಿ ಬಾಳವ್ವ