ನನ್ನ ಸೂರು ಬಿಟ್ಟು ಪಕ್ಕದ ಮನೆಗೆ ಗೌರವ ತಂದ ತ್ಲಾಕ್ವಾಚೆ

ಮಾನ್ಯ ಪುರಸಭಾ ಪರಿಸರ ಅಧಿಕಾರಿಗಳೇ,

ಕಳೆದ ಮಂಗಳವಾರ ನಿಮ್ಮ ಸಿಬ್ಬಂದಿ ನಮ್ಮ ಬೀದಿಗೆ ಬಂದು, ಪಕ್ಕದ ಮನೆಯ ಎಲಾಡಿಯಾಳ ಬಾಗಿಲ ಬದಿಯಲ್ಲಿ ನೀಲಿ ಫಲಕವೊಂದನ್ನು ಅಂಟಿಸಿ ಹೋದರು. 'ತ್ಲಾಕ್ವಾಚೆಗೆ ಆಸರೆ ಕೊಟ್ಟ ಮನೆ' ಎಂದು ಅದರ ಮೇಲಿದೆ. ಆ ಪ್ರಾಣಿ ನನ್ನ ಸೂರಿನಲ್ಲಿದ್ದದ್ದು. ಎಡಗಿವಿ ಹರಿದಿದೆ, ಬೇಕಾದರೆ ಪರೀಕ್ಷಿಸಿ. ನಿಮ್ಮ ಮಾತು ಕೇಳಿ ಅದನ್ನು ಹೊರಗೆ ಕಳಿಸಿದವಳು ನಾನು. ಕೇಳದೆ ಒಳಗೆ ಕರೆದವಳು ಅವಳು. ಫಲಕ ಯಾರಿಗೆ ಸಿಕ್ಕಿತು?

ಮಾರ್ಚ್ ತಿಂಗಳಲ್ಲಿ ಮನೆಮನೆಗೂ ಹಂಚಿದ ನಿಮ್ಮ ಕರಪತ್ರ ನನ್ನ ಬಳಿ ಇನ್ನೂ ಇದೆ. ಈ ಪ್ರಾಣಿ ದೊಡ್ಡ ಇಲಿಯಲ್ಲ, ಕಾಂಗರೂವಿನ ಹಾಗೆ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಸಾಕುತ್ತದೆ, ಚೇಳು ಜಿರಲೆಗಳನ್ನು ತಿಂದು ಉಪಕಾರ ಮಾಡುತ್ತದೆ, ಹೆದರಿದರೆ ಸತ್ತಂತೆ ಬಿದ್ದುಕೊಳ್ಳುತ್ತದೆ, ಕೊಲ್ಲಬೇಡಿ ಎಂದಿದ್ದೀರಿ. ಒಪ್ಪಿದೆ. ಅದನ್ನು ಮನೆಯಿಂದ ದೂರವಿಡಲು ಹನ್ನೊಂದು ಸೂಚನೆ ಕೊಟ್ಟಿದ್ದೀರಿ. ಅವನ್ನೂ ಒಪ್ಪಿದೆ. ಕಸದ ಡಬ್ಬಿಗೆ ಮುಚ್ಚಳ ಬಿಗಿದೆ. ಉದುರಿದ ಹಣ್ಣುಗಳನ್ನು ದಿನವೂ ಆರಿಸಿದೆ. ನಾಯಿಯ ತಟ್ಟೆ ಒಳಗಿಟ್ಟೆ. ಸೂರಿಗೆ ತಾಗುತ್ತಿದ್ದ ಕೊಂಬೆ ಕಡಿಸಿದೆ. ಸೂರಿನ ಸಂದಿಯ ಬಾಯಲ್ಲಿ ಹಿಟ್ಟು ಉದುರಿಸಿ, ಹೊರಗೆ ಹೋದ ಹೆಜ್ಜೆಗಳಿವೆ, ಒಳಗೆ ಬಂದವಿಲ್ಲ ಎಂದು ಮೂರು ಬೆಳಿಗ್ಗೆ ಖಚಿತಪಡಿಸಿಕೊಂಡ ಮೇಲೆಯೇ ತಂತಿಬಲೆ ಹೊಡೆಸಿದೆ. ಆ ಹೆಜ್ಜೆಗಳು ಕೂಸಿನ ಅಂಗೈ ಒತ್ತಿದಂತಿದ್ದವು. ಅದು ನಿಮ್ಮ ಕರಪತ್ರದಲ್ಲಿಲ್ಲ.

ನನ್ನ ತಕರಾರು ಏಳನೆಯ ಸೂಚನೆಯದು: 'ಮನೆಯ ಹೊರಗೆ ಆಹಾರ ಪಾನೀಯ ಇಡಬಾರದು.' ಸ್ವಾಮಿ, ನೀವು ಯಾವ ಊರಿನವರೋ ತಿಳಿಯದು. ನಮ್ಮ ತ್ಲಾಸ್ಕಾಲಾದಲ್ಲಿ ಕತ್ತಾಳೆಯ ರಸ ತೆಗೆಯುವವನು ದಿನದ ಮೊದಲ ಬಟ್ಟಲನ್ನು ತ್ಲಾಕ್ವಾಚೆಗೆ ಎತ್ತಿಡುತ್ತಾನೆ. ಕತ್ತಾಳೆಯ ಎದೆ ಕೆರೆದು ಸಿಹಿ ಕುಡಿಯುವುದನ್ನು ಮನುಷ್ಯನಿಗೆ ಕಲಿಸಿದ್ದು ಅದೇ ಎಂಬ ನಂಬಿಕೆ. ನನ್ನ ಗಂಡ ನಿಕಾನೋರ್ ನಲವತ್ತು ವರ್ಷ ಈ ಕೆಲಸ ಮಾಡಿದವರು. ಈಗ ಮೊಣಕಾಲು ಕೈಕೊಟ್ಟು, ಹಿತ್ತಲಿನ ನಾಲ್ಕು ಗಿಡಗಳಷ್ಟೇ ಉಳಿದಿವೆ. ಪ್ರತಿ ಸಂಜೆ ಸೋರೆಬುರುಡೆಯ ಬಟ್ಟಲನ್ನು ಗೋಡೆಯ ಬುಡದಲ್ಲಿಟ್ಟು, ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ನಾನು ಪಕ್ಕದಲ್ಲಿ ಬೀನ್ಸ್ ಆರಿಸುತ್ತಿದ್ದೆ. ಅದು ಬೆನ್ನ ಮೇಲೆ ಮರಿಗಳನ್ನು ಹೊತ್ತು ಬಂದು ಕುಡಿದು ಹೋಗುವವರೆಗೆ ಅವರು ಮಾತಾಡುತ್ತಿದ್ದರು. ಮಿಕ್ಕ ಹೊತ್ತಿನಲ್ಲಿ ಅವರು ಮಿತಭಾಷಿ.

ಏಳನೆಯ ಸೂಚನೆಯಂತೆ ಬಟ್ಟಲು ತೆಗೆದಿಟ್ಟ ಸಂಜೆ ಅವರು ಕೇಳಿದರು:

"ಬಟ್ಟಲೆಲ್ಲೇ?"

"ತೊಳೆದು ಮೇಲಿಟ್ಟೆ. ಪುರಸಭೆಯವ್ರು ಇಡ್ಬಾರ್ದು ಅಂದಿದಾರೆ."

"ಪುರಸಭೆ ಹುಟ್ಟೋಕ್ ಮುಂಚೆ ಅದು ಕುಡೀತಿತ್ತು ಕಣೇ. ಅದರ ಪಾಲು ಕಿತ್ಕೊಳ್ಳೋಕೆ ನೀನ್ಯಾರು, ಅವರ್ಯಾರು?"

"ಸೂರಿನ ಮೇಲೆ ಗಲೀಜು ತೊಳೆಯೋಳು ನಾನು. ಅವಳೇನು ಬಂದು ತೊಳೀತಾಳಾ?"

"ಅವಳು ಅಂತೆ! ತ್ಲಾಕ್ವಾಚೆನ ಸವತಿ ಮಾಡ್ಕೊಂಡ್ಯಲ್ಲೇ," ಎಂದು ನಕ್ಕರು. ನಮ್ಮ ಹಿತ್ತಲಲ್ಲಿ ಅವರು ನಕ್ಕದ್ದು ಅದೇ ಕೊನೆ.

ಎಂಟು ದಿನಕ್ಕೆ ಅದು ಎಲಾಡಿಯಾಳ ಕಟ್ಟಿಗೆ ರಾಶಿ ಸೇರಿತು. ಒಂಬತ್ತನೆಯ ದಿನ ನಿಕಾನೋರ್ ಕುರ್ಚಿಯನ್ನೂ ಬಟ್ಟಲನ್ನೂ ಎತ್ತಿಕೊಂಡು ಗೇಟು ದಾಟಿದರು. ನಮ್ಮ ಗಿಡದ ರಸ, ಸ್ವಾಮಿ, ಅವಳ ಅಂಗಳದಲ್ಲಿ! ಎಲಾಡಿಯಾ ವಿಧವೆ, ಕಸದ ಡಬ್ಬಿಗೆ ಮುಚ್ಚಳವೇ ಇಲ್ಲದವಳು, ಹನ್ನೊಂದರಲ್ಲಿ ಎಂಟು ಸೂಚನೆ ಮುರಿದವಳು. ಈಗ ಸಂಜೆ ಆರಾದರೆ ಗೋಡೆಯಾಚೆಯಿಂದ ಮಾತು ಕೇಳುತ್ತದೆ. ಮರಿಗಳಿಗೆ ಇಬ್ಬರೂ ಸೇರಿ ಹೆಸರಿಟ್ಟಿದ್ದಾರೆ. ನನಗೆ ಐದು ಗೊತ್ತು. ಉಳಿದವನ್ನು ಮೆಲ್ಲಗೆ ಹೇಳುತ್ತಾರೆ.

ಒಂದು ದಿನ ಆಕೆ ಗೋಡೆಯ ಮೇಲಿಂದ ಇಣುಕಿದಳು. "ಫಿದೆನ್ಸಿಯಕ್ಕಾ, ಒಬ್ರೇ ಏನ್ ಮಾಡ್ತೀರಾ? ಬನ್ನಿ, ಇನ್ನೊಂದು ಕುರ್ಚಿ ಇದೆ."

"ನಮ್ಮನೇಲೂ ಇದೆ. ಒಂದು ಖಾಲಿ ಬೇರೆ ಆಗಿದೆ," ಎಂದೆ.

ಅವಳು ನನಗಿಂತ ಎಂಟು ತಿಂಗಳು ದೊಡ್ಡವಳು. ಅಕ್ಕ ಅನ್ನಲು ಅವಳಿಗೆ ಯಾವ ಅಧಿಕಾರ?

ಹೊಟ್ಟೆಕಿಚ್ಚು ಎನ್ನುತ್ತೀರಿ. ಹೌದು. ಅದಕ್ಕೆ ನಿಮ್ಮ ಬಳಿ ಕರಪತ್ರವಿದೆಯೇ? ಮನೆಯಿಂದ ಏನನ್ನು ದೂರವಿಡಬೇಕೆಂದು ಹನ್ನೊಂದು ಸಲ ಹೇಳಿದ ನೀವು, ಅದರ ಹಿಂದೆ ಇನ್ನು ಏನೇನು ಎದ್ದು ಹೋಗಬಹುದೆಂದು ಒಂದು ಸಲವಾದರೂ ಹೇಳಬೇಡವೇ? ತ್ಲಾಕ್ವಾಚೆ ಅಲೆಮಾರಿ, ಒಂದೇ ಕಡೆ ಬಹಳ ದಿನ ನಿಲ್ಲುವುದಿಲ್ಲ, ತಾಳ್ಮೆಯಿರಲಿ ಎಂದು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದೆ. ಅದು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿದ್ದಿದ್ದರೆ ನಾನು ಸುಮ್ಮನೆ ಕಾಯುತ್ತಿದ್ದೆ.

ಆದ್ದರಿಂದ ನನ್ನ ಒತ್ತಾಯವಿಷ್ಟು: ಏಳನೆಯ ಸೂಚನೆಯನ್ನು ಎಲಾಡಿಯಾಳ ಅಂಗಳದಲ್ಲೂ ಜಾರಿ ಮಾಡಿ, ಇಲ್ಲವೇ ನನ್ನ ಅಂಗಳದಲ್ಲಿ ರದ್ದು ಮಾಡಿ. ನಿಮ್ಮ ಉತ್ತರಕ್ಕೆ ಕಾಯದೆ ನಿನ್ನೆ ಸೂರಿನ ತಂತಿಬಲೆ ಕಿತ್ತುಹಾಕಿದ್ದೇನೆ. ಇದು ತಪ್ಪಾದರೆ ನೋಟಿಸು ಕೊಡಲು ಖುದ್ದಾಗಿ ಬನ್ನಿ, ಸಂಜೆ ಆರರ ಮೇಲೆ. ಆಗ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಎಷ್ಟು ಹೊತ್ತು ಬೇಕಾದರೂ ಬೈಯಬಹುದು.

ಇಂತಿ,
ಹನ್ನೊಂದನ್ನೂ ತಪ್ಪದೆ ಪಾಲಿಸಿ ಕೆಟ್ಟ
ಫಿದೆನ್ಸಿಯಾ ಕುವಾಮಾತ್ಸಿ
(ಫಲಕವಿಲ್ಲದ ಮನೆ)