ಬಿಳಿ ಬಂಡೆಯ ಕೇರೆಹಾವು

ಸ್ಟುಡಿಯೋದ ಹಿಂದಿನ ಕೋಣೆ,
ಮಂಗಳವಾರ, ತಾರೀಕು ಹದಿನಾಲ್ಕು.

ಪ್ರೀತಿಯ ತಮ್ಮಾ,

ಕಣ್ಣಿನ ಆಪರೇಷನ್ ಆಗಿ ಮೂರು ವಾರವಾಯಿತಲ್ಲ, ಈಗ ಹೇಗಿದ್ದೀಯ? ಹೊತ್ತುಹೊತ್ತಿಗೆ ಔಷಧಿಯ ಹನಿ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಚಂದ ನೋಡುತ್ತಾ ಕೂತಿದ್ದೀಯಾ? ನಿನ್ನ ಹೆಂಡತಿ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದಳು. ಮನೆಗೆ ಬೆಂಕಿ ಬಿದ್ದರೂ ಹಾಗೆಯೇ ಹೇಳುವವಳು ಅವಳು, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನನ್ನ ಮಂಡಿ ಎಂದಿನಂತೆ ತಕರಾರು ಮಾಡುತ್ತಿದೆ. ನಾನು ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳು, ತಪ್ಪು ಕಂಡರೆ ತಿದ್ದಿಕೊಂಡು ಓದು. ನಗಬೇಡ.

ನಿನ್ನ ಮಗಳು ಬಂದು ಹನ್ನೆರಡು ದಿನವಾಯಿತು. ಅವಳ ಹಾವಿನ ಫೋಟೊಗಳ ಪ್ರದರ್ಶನಕ್ಕೆ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದೇನೆ, ಬರುವ ಭಾನುವಾರ ಜನರಿಗೆ ಬಾಗಿಲು ತೆರೆಯುತ್ತದೆ. ಬಾಗಿಲಿಗೆ ಎದುರಾಗಿ ಮೊದಲನೇ ಫೋಟೊ ತನ್ನಪ್ಪನದೇ, ಅಂದರೆ ನೀನು ತೆಗೆದದ್ದೇ ಇರಲಿ, ಆ ಬಿಳಿ ಬಂಡೆಯ ಕೇರೆಹಾವು ಇರಲಿ ಎಂದು ಅವಳಿಗೆ ಆಸೆ. ನೀನು ಅವಳಿಗೆ ಫೋನಿನಲ್ಲಿ ಏನೆಂದೆ? "ಅದೊಂದು ಬೇಡ. ಅದನ್ನ ಹಾಕೋದಾದ್ರೆ ನಾನು ಬರೋದಿಲ್ಲ" ಎಂದೆ. ಹುಡುಗಿ ಫೋನಿಟ್ಟು ಗೋಡೆಗೆ ಮೊಳೆ ಹೊಡೆಯತೊಡಗಿದಳು. ಎರಡು ಮೊಳೆ ಸೊಟ್ಟಗಾದವು. ಈ ಕಾಗದ ಬರೆಯುತ್ತಿರುವುದು ಆ ಫೋಟೊದ ವಿಷಯಕ್ಕೇ.

ಅದಕ್ಕೂ ಮೊದಲು ಅವಳ ಕೆಲಸದ ಬಗ್ಗೆ ಹೇಳಬೇಕು, ನೀನು ನೋಡಿಲ್ಲವಲ್ಲ. ಹೊಲ, ಕಾಲುವೆ, ಪಾಳುಗೋಡೆ ಎಂದು ಅಲೆದು, ಹಾವನ್ನು ಮುಟ್ಟದೆ, ಕೆಣಕದೆ, ಅದು ಇದ್ದಲ್ಲೇ ಫೋಟೊ ತೆಗೆಯುತ್ತಾಳೆ. ಥೇಟ್ ನಿನ್ನ ಹಾಗೆ, ಹೊಟ್ಟೆಯ ಮೇಲೆ ಮಲಗಿ, ಅಂಗಿಯೆಲ್ಲ ಮಣ್ಣು ಮಾಡಿಕೊಂಡು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅದಕ್ಕೆ ಬೇರೆಯದೇ ಜನ್ಮ ಕೊಡುತ್ತಾಳೆ. ಸುರುಳಿ ಸುತ್ತಿದ ಹಾವೊಂದನ್ನು ಸುತ್ತುಮೆಟ್ಟಿಲು ಮಾಡಿದ್ದಾಳೆ, ಅದರ ಬೆನ್ನೇರಿ ಪುಟ್ಟಪುಟ್ಟ ಜನ ಹತ್ತುತ್ತಿದ್ದಾರೆ. ಒಬ್ಬಳಂತೂ ಚೀಲ ಕೆಳಗಿಟ್ಟು ಸುಸ್ತಾಗಿ ಕೂತಿದ್ದಾಳೆ. ನೀರುಹಾವೊಂದು ದೀಪ ಹಚ್ಚಿದ ಬೀದಿಯಾಗಿದೆ. "ಇದೇನೇ ಇದು, ಹಾವೋ ಮೆಟ್ಟಿಲೋ?" ಎಂದು ಗದರಿದೆ. "ಎರಡೂ ಅತ್ತೆ, ನಿಮಗೆ ಯಾವುದು ಬೇಕೋ ತಗೊಳ್ಳಿ" ಎಂದಳು. ಬಾಯಿ ಮಾತ್ರ ನಿನ್ನದಲ್ಲ, ನನ್ನದೇ. ಒಂದು ವಿಷಯ ನನಗೆ ಹಿಡಿಸಿತು. ಪ್ರತಿ ಚಿತ್ರದ ಪಕ್ಕದಲ್ಲೂ ಮೂಲ ಫೋಟೊವನ್ನು ಅಂಗೈಯಗಲ ಇಡುತ್ತಾಳೆ. ಏನಿತ್ತು, ತಾನೇನು ಮಾಡಿದೆ, ಎಲ್ಲ ಬಂದವರಿಗೆ ಕಾಣಬೇಕಂತೆ.

ನಾವು ಹಾಗೆ ಮಾಡಿದ್ದೆವಾ? ಮಾಡಿದ್ದರೆ ಅಪ್ಪನ ಸ್ಟುಡಿಯೋ ಒಂದೇ ವಾರಕ್ಕೆ ಮುಚ್ಚುತ್ತಿತ್ತು. ಆ ಹಾಲುಗಾಜಿನ ಮೇಜು ಈಗಲೂ ಇಲ್ಲೇ ಇದೆ, ಅದರ ಮೇಲಿಟ್ಟೇ ಬರೆಯುತ್ತಿದ್ದೇನೆ. ಹನ್ನೊಂದನೇ ವಯಸ್ಸಿಗೆ ಅಪ್ಪ ನನ್ನನ್ನು ಇದರ ಮುಂದೆ ಕೂರಿಸಿ, ಗಾಜಿನ ಕೆಳಗೆ ದೀಪ ಹಚ್ಚಿ, ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪಾದ ಪೆನ್ಸಿಲು ಕೊಟ್ಟರು. "ಗೆರೆ ಕಂಡ್ರೆ ಮುಚ್ಚು, ಚುಕ್ಕೆ ಕಂಡ್ರೆ ಮುಚ್ಚು, ಯಾರನ್ನೂ ಕೇಳಬೇಡ" ಎಂದರು. ಅಷ್ಟೇ ನನ್ನ ವಿದ್ಯಾಭ್ಯಾಸ. ಎಷ್ಟು ಜನರ ಮೊಡವೆ ತೆಗೆದೆನೋ, ಎಷ್ಟು ಗಂಟುಮುಖಗಳ ಹಣೆ ಸಪಾಟು ಮಾಡಿದೆನೋ! ಆ ದಪ್ಪ ಮೀಸೆಯ ವಕೀಲರು ಫೋಟೊ ನೋಡಿ "ನಾನು ಇಷ್ಟು ಒಳ್ಳೆಯವನಾಗಿ ಕಾಣ್ತೀನಾ?" ಎಂದು ಬೆರಗಾದದ್ದು ನೆನಪಿದೆಯಾ? ನೀನು ಪರದೆಯ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ.

ನಿನಗೆ ಮಾತ್ರ ಮನುಷ್ಯರ ಮುಖ ಸಾಕಾಗಿತ್ತು. ಕಲ್ಲುಗಣಿಯ ಬಿಳಿ ಬಂಡೆಯ ಮೇಲೆ ಬಿಸಿಲು ಕಾಯಲು ಬರುತ್ತಿದ್ದ ಆ ಕೇರೆಗಾಗಿ ಒಂಬತ್ತು ದಿನ ಕಾದೆ. ಬೆನ್ನಿನ ಚರ್ಮ ಸುಲಿದು ಬಂತು. ನಾನು ಎಣ್ಣೆ ಹಚ್ಚುತ್ತಾ ಬೈದೆ, "ಹಾವಿಗೇನು ಫೋಟೊ ಬೇಕೂಂತ ಅರ್ಜಿ ಹಾಕಿತ್ತಾ?" ಒಂಬತ್ತನೇ ದಿನ ಸಂಜೆ ಓಡಿಬಂದು, "ಅಕ್ಕಾ, ಸಿಕ್ತು! ನಾಲಗೆ ಚಾಚಿ ನನ್ನನ್ನೇ ನೋಡ್ತು!" ಎಂದೆ. ನಿನ್ನ ಮುಖ ಅಷ್ಟು ಬೆಳಗಿದ್ದನ್ನು ಆಮೇಲೆ ನಾನು ಕಂಡಿಲ್ಲ. ನಿನ್ನ ಮದುವೆಯಲ್ಲೂ ಕಾಣಲಿಲ್ಲ, ನಿನ್ನ ಹೆಂಡತಿಗೆ ಹೇಳಬೇಡ. ಅಪ್ಪ ಫಿಲಮ್ ತೊಳೆದರು. ನೀನು ಮಾರನೇ ದಿನವೇ ಹೊರಗಿನ ಕೆಲಸಕ್ಕೆ ಹೋದೆ. ನನ್ನ ಮೇಜು ದಾಟಿ ಫೋಟೊ ಸ್ಪರ್ಧೆಗೆ ಹೋಯಿತು.

ಅಲ್ಲಿಂದ ಬಂದ ಕಾಗದ ನನಗೆ ಬಾಯಿಪಾಠವಾಗಿದೆ. ಹಾವಿನಲ್ಲಿ ಜೀವದ ಲಕ್ಷಣವಿಲ್ಲ, ಸತ್ತ ಹಾವನ್ನು ಬಂಡೆಯ ಮೇಲೆ ಜೋಡಿಸಿ ತೆಗೆದಂತಿದೆ, ಇಂಥ ಮೋಸಕ್ಕೆ ಇಲ್ಲಿ ಜಾಗವಿಲ್ಲ ಎಂದು ಬರೆದಿದ್ದರು. ಊರಿನ ಫೋಟೊಗ್ರಾಫರುಗಳೆಲ್ಲ ನಿನ್ನನ್ನು "ಸತ್ತಹಾವು" ಎಂದು ಕರೆದರು. ನೀನು ನನ್ನ ಹತ್ತಿರ ಬಂದು, "ಅಕ್ಕಾ, ನಾಲಗೆ ಹೊರಗಿತ್ತು, ನಾನೇ ನೋಡಿದ್ದೆ. ನೆಗೆಟಿವ್‌ನಲ್ಲಿ ಇರಲಿಲ್ವಾ?" ಎಂದು ಕೇಳಿದೆ. "ಇರಲಿಲ್ಲ. ನಿನ್ನ ಬೆರಳು ತಡವಾಯ್ತು" ಎಂದೆ. ನೀನು ನಂಬಿದೆ. ಮತ್ತೆ ಕಲ್ಲುಗಣಿಯ ಕಡೆ ತಲೆ ಹಾಕಲಿಲ್ಲ. ಬೇರೆ ಊರಿಗೆ ಹೋಗಿ ಶಾಲೆಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡೆ.

ನಿನ್ನೆ ನಿನ್ನ ಮಗಳು ಆ ನೆಗೆಟಿವನ್ನು ಕಂಪ್ಯೂಟರಿಗೆ ಹತ್ತಿಸಿ, ಹಾವಿನ ತಲೆಯನ್ನು ತಟ್ಟೆಯಷ್ಟು ದೊಡ್ಡದು ಮಾಡಿ ನೋಡುತ್ತಿದ್ದಳು. "ಅತ್ತೆ, ಬಾಯಿಯ ಮುಂದೆ ಇದೇನು ಮಸಿಮಸಿ?" ಎಂದಳು. "ನಿಮ್ಮಪ್ಪನ ಬೆರಳಿನ ಗುರುತು ಇರ್ಬೇಕು, ನಿನ್ನ ಕೆಲಸ ನೋಡು" ಎಂದು ಬೈದು ಎದ್ದುಬಂದೆ. ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳುವವಳು ಎಂದು ನನಗೆ ಹೆಸರಿದೆ. ಈ ಒಂದು ಮಾತಿಗೆ ಮಾತ್ರ ಬಾಯಿ ಬರುತ್ತಿಲ್ಲ. ಕೈ ಬಂದರೆ ಕೆಳಗೆ ಬರೆಯುತ್ತೇನೆ.

ಬಿಸಿಲಲ್ಲಿ ಕನ್ನಡಕ ಇಲ್ಲದೆ ಹೊರಡಬೇಡ. ನಿನ್ನ ಹೆಂಡತಿಗೆ ನಾನು ಕೇಳಿದೆನೆಂದು ಹೇಳು. ನೂರು ಕಾಲ ಚೆನ್ನಾಗಿರು, ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗಿರಲಿ.

ಇಂತಿ,
ನಿನ್ನ ಸಿಡುಕಿ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಸುಳ್ಳೇಕೆ. ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ದಿನ ನೆಗೆಟಿವಿನಲ್ಲಿ ಹಾವಿನ ಬಾಯಿಂದ ಕೂದಲಿನಂಥ ಗೆರೆ ಹೊರಟಿತ್ತು. ಫಿಲಮ್ ಗೀಚಿಹೋಗಿದೆ ಎಂದುಕೊಂಡು ಪೆನ್ಸಿಲಿನಿಂದ ಮುಚ್ಚಿದೆ. ಹಾವಿನ ನಾಲಗೆ ಹೇಗಿರುತ್ತದೆಂದು ನಾನೇನು ಕಂಡಿದ್ದೆ! ನೀನು ಬಂದು ಕೇಳಿದಾಗಲೇ ನನಗೆ ಗೊತ್ತಾಯಿತು. ಅಪ್ಪ ಬಾಗಿಲಲ್ಲೇ ನಿಂತಿದ್ದರು, ಹೆದರಿದೆ. ಆದರೆ ಅಪ್ಪ ಹೋಗಿ ಇಪ್ಪತ್ತಾರು ವರ್ಷವಾಯಿತು, ಆಮೇಲೂ ಹೇಳಲಿಲ್ಲವಲ್ಲ ನಾನು. ಈಗ ತಾನೇ ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದೆ. ಪೆನ್ಸಿಲಿನ ಮಸಿ ಬಂದುಬಿಟ್ಟಿತು, ಒಂದು ನಿಮಿಷವೂ ಹಿಡಿಯಲಿಲ್ಲ. ನಾಲಗೆ ಇದೆ ಕಣೋ. ತುದಿಯಲ್ಲಿ ಎರಡು ಕವಲು, ಒಂದು ಮೇಲಕ್ಕೆ ಬಾಗಿದೆ. ಮಗಳಿಗೆ ಇನ್ನೂ ತೋರಿಸಿಲ್ಲ, ಮೊದಲು ನೀನು ನೋಡಬೇಕು. ಹಾಕುವುದೋ ಬೇಡವೋ ಬಂದು ನೀನೇ ಹೇಳು, ನನ್ನನ್ನು ಏನು ಬೇಕಾದರೂ ಅನ್ನು. ನಿನ್ನ ಬೆರಳು ತಡವಾಗಿರಲಿಲ್ಲ.