ವಿಟ್‌ಬರ್ನ್ ಮನೆತನದ ಅಜ್ಜಿಗೆ ಬರೆಸಿದ ಕಾಗದ

ಗ್ರೀನ್‌ಫರ್ಡ್, ಲಂಡನ್
೧೧ ಮಾರ್ಚ್ ೨೦೨೫

ಪ್ರೀತಿಯ ತಮ್ಮ ಮಯೂರನಿಗೆ ಅಕ್ಕ ಜಯಾಳ ಆಶೀರ್ವಾದ.

ಹೇಗಿದ್ದೀ? ಬಿಪಿ ಗುಳಿಗೆ ಬಿಟ್ಟಿಲ್ಲ ತಾನೇ? ಇದನ್ನು ಓದುವ ಮುಂಚೆ ಎರಡು ತುತ್ತು ಉಂಡು ಗುಳಿಗೆ ನುಂಗು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಸಣ್ಣ ಫ್ಲ್ಯಾಟು, ನಿನ್ನ ಹೆಂಡತಿ ಪ್ರಭಾ ಗೋಡೆಯಾಚೆಗೇ ಇರುತ್ತಾಳೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಬರವಣಿಗೆ, ತಪ್ಪು ಹುಡುಕಬೇಡ.

ನಾನೂ ಪ್ರಭಾಳೂ ಬಿಸ್ಕತ್ತು ಪ್ಯಾಕ್ ಮಾಡುತ್ತಿದ್ದ ಪಾರ್ಕ್ ರಾಯಲ್ ಕಾರ್ಖಾನೆ ಅಮೆರಿಕದ ವಿಟ್‌ಬರ್ನ್ ಎಂಬ ಮನೆತನದ್ದು. ಕ್ಯಾಂಟೀನಿನ ಗೋಡೆ ತುಂಬ ಅವರ ಫೋಟೋ. ಹನ್ನೊಂದು ವರ್ಷ ಅವರ ಕೆಳಗೆ ಕೂತು ರೊಟ್ಟಿ ತಿಂದವಳಿಗೆ ಅವರ ವಂಶಾವಳಿ ಬಾಯಿಪಾಠ. ಮುತ್ತಜ್ಜ ತಳ್ಳುಗಾಡಿಯಲ್ಲಿ ರಸ್ಕು ಮಾರಿದ. ಅವನ ಮಗ ಸೈನ್ಯಕ್ಕೆ ಬಿಸ್ಕತ್ತು ಒದಗಿಸಿ ಊರಿಗೆ ಊರೇ ಕೊಂಡ. ಮೊಮ್ಮಕ್ಕಳಿಬ್ಬರು ಕೋರ್ಟು ಹತ್ತಿ ಹದಿನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಈಗಿನವರಿಗೆ ಕುದುರೆ, ದೋಣಿ, ಡೈವೋರ್ಸು. ಹಿರಿಯ ಜೀವ ಅಂತ ಉಳಿದಿರುವುದು ತೊಂಬತ್ತು ದಾಟಿದ ಅಜ್ಜಿ ಎಲೆನಾರ್ ಒಬ್ಬಳೇ. ಹೊಸ ವರ್ಷಕ್ಕೆ, ಅವಳ ಮೊಮ್ಮಕ್ಕಳು ಕಾರ್ಖಾನೆ ಮಾರುತ್ತಾರಂತೆ ಎಂಬ ಸುದ್ದಿ ಬಂತು. ನನಗೆ ಅನ್ನ ಸೇರದಾಯಿತು. ನಮ್ಮ ಕಡೆ ಮನೆ ಒಡೆಯುವಾಗ ಹಿರಿಯಳ ಕಾಲು ಹಿಡಿಯುತ್ತೇವಲ್ಲ, ಹಾಗೇ ಆ ಅಜ್ಜಿಗೆ ಕಾಗದ ಬರೆಸಿದೆ. ನಾನು ಹೇಳುತ್ತಾ ಹೋದೆ, ಮಗಳು ತನ್ಮಯಿ ಇಂಗ್ಲಿಷಿಗೆ ಇಳಿಸಿದಳು. ಒಂದು ಸಾಲಿಗೆ ಪೆನ್ನು ನಿಲ್ಲಿಸಿ, "ಮಮ್ಮಿ, ಸೀರಿಯಸ್ಲಿ? ಡೋಂಟ್ ಪುಟ್ ದಟ್" ಅಂದಳು. "ನೀ ಸುಮ್ನ ಬರಿ. ದೊಡ್ಡ ಮನೆತನದವ್ರು, ನಿಯತ್ತು ಅಂದ್ರ ಏನಂತ ಅವ್ರಿಗೆ ತಿಳೀತದ" ಅಂತ ಗದರಿದೆ.

ಫೆಬ್ರವರಿಯಲ್ಲಿ ಪ್ರಭಾಳನ್ನು ಆಫೀಸಿಗೆ ಕರೆದರು. ಓದಲು ಬಂದವರು ವಾರಕ್ಕೆ ಇಪ್ಪತ್ತೇ ತಾಸು ದುಡಿಯಬೇಕು. ಇವಳು ಹೆಚ್ಚು ದುಡಿದದ್ದು ಅವರಿಗೆ ಗೊತ್ತಾಗಿತ್ತು. ಅವಳ ಕೆಲಸ ಹೋಯಿತು, ನನ್ನದೂ ಹೋಯಿತು. ಕಾಲೇಜಿಗೆ ತಿಳಿಸಿದರು, ವೀಸಾ ರದ್ದಾಯಿತು. ಪರೀಕ್ಷೆಗೆ ಎಂಟೇ ವಾರ ಇತ್ತು ಮಯೂರ. ಏಪ್ರಿಲ್ ಎರಡಕ್ಕೆ ರಜೆಗೆ ಬರುತ್ತೇನೆಂದು ನಿನಗೆ ಹೇಳಿದ್ದಾಳಲ್ಲ, ಅದು ರಜೆಯಲ್ಲ. ಸಿಟ್ಟು ಮಾಡಬೇಡ. ಎರಡು ವರ್ಷ ಈ ಓದಿಗಾಗಿ ನಿನ್ನನ್ನು ಬಿಟ್ಟಿದ್ದಳು, ಈಗ ಬರಿಗೈಯಲ್ಲಿ ಬರುತ್ತಾಳೆ.

ಯಾರೋ ಚಾಡಿ ಹೇಳಿದ್ದಾರೆ ಎನ್ನುತ್ತಾಳೆ. ಅವಳ ಗುಮಾನಿ ಅದೇ ಕಾರ್ಖಾನೆಯ, ಉಡುಪಿ ಕಡೆಯ ಅನ್ನಾ ಎಂಬಾಕೆಯ ಮೇಲೆ. ನಮಗೆ ಆ ಕೆಲಸ ಕೊಡಿಸಿದವಳೇ ಆಕೆ. ಮೊನ್ನೆ ಪಾಪ ಪತ್ರೊಡೆ ಮಾಡಿಕೊಂಡು ಬಂದಿದ್ದಳು. ಪ್ರಭಾ ಬಾಗಿಲಲ್ಲೇ, "ಈಗ ನಿಮ್ಮ ಹೊಟ್ಟಿ ತಣ್ಣಗಾತಿಲ್ರೀ?" ಅಂದು ಬಾಗಿಲು ಬಡಿದಳು. ಅನ್ನಾ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಅತ್ತದ್ದು ಒಳಗೆ ಕೇಳಿಸುತ್ತಿತ್ತು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ನಿನ್ನ ಭಾವ ಸಿದ್ದಲಿಂಗಪ್ಪನವರು ನಿನ್ನನ್ನು ಕೇಳಿದ್ದಾರೆ. ಅವರಿಗೂ ನಾನು ಪೂರ್ತಿ ಹೇಳಿಲ್ಲ. ನಿಮ್ಮಿಬ್ಬರ ಸಂಸಾರವನ್ನು ದೇವರು ಕಾಯಲಿ, ನನ್ನ ಕೈಯಲ್ಲಂತೂ ಆಗಲಿಲ್ಲ.

ನಿನ್ನ ಅಕ್ಕ,
ಜಯಾ

ತಾ.ಕ.: ಅಂಚೆ ಡಬ್ಬಿಯ ಮುಂದೆ ನಿಂತು ಬರೆಯುತ್ತಿದ್ದೇನೆ. ತನ್ಮಯಿ ಬೇಡವೆಂದ ಸಾಲು ಇದು: "ನನಗೆ ಸೊಂಟ ನೋವಿದ್ದ ದಿನ ಕಾಲೇಜು ಓದುವ ನನ್ನ ತಮ್ಮನ ಹೆಂಡತಿ ಪ್ರಭಾ ನನ್ನ ಹಾಜರಿ ಕಾರ್ಡು ಹಿಡಿದು ಬಂದು ನನ್ನ ಪಾಳಿಯನ್ನೂ ದುಡಿಯುತ್ತಾಳೆ, ನಿಮ್ಮ ಕೆಲಸ ನಿಲ್ಲಬಾರದು ಅಂತ." ಅಜ್ಜಿ ಓದಿದಳೋ ಇಲ್ಲವೋ, ಕಾಗದ ತಿರುಗಿ ಇಲ್ಲಿಯ ಆಫೀಸಿಗೇ ಬಂತು. ಆ ಸಾಲಿನ ಕೆಳಗೆ ಗೆರೆ ಎಳೆದು ನನಗೆ ತೋರಿಸಿದರು. ಪ್ರಭಾಳಿಗೆ ನೀನೇ ಹೇಳು. ಆದರೆ ಅವಳು ಊರು ಮುಟ್ಟಿದ ಮೇಲೆ ಹೇಳು. ಇನ್ನು ಮೂರು ವಾರ ನನ್ನನ್ನು ಅಕ್ಕಾ ಅನ್ನಲಿ.